ಇಳಿದ ಫೋಟೋ ಎಲ್ಲಿ?

ಫೋಟೋ ನೋಡುವಾಗ ಆಂಟಿ ಎಡಗಣ್ಣು ಮುಚ್ಚುತ್ತಿದ್ದರು. ಕೈಯಲ್ಲಿ ಹಿಟ್ಟಿದ್ದರೆ ಬೆರಳಿನ ಗೆಣ್ಣಿನಿಂದಲೇ ನನ್ನ ಫೋನಿನಲ್ಲಿ ಫೋಟೋ ಸರಿಸುವರು. ಪರದೆಯ ಮೇಲೆ ಜೋಳದ ಹಿಟ್ಟು ಮೆತ್ತಿಕೊಳ್ಳುತ್ತಿತ್ತು. ಮುಖದಲ್ಲಿ ಮಾತ್ರ ಉತ್ತರಪತ್ರಿಕೆ ತಿದ್ದುವವರ ಗಾಂಭೀರ್ಯ.

ಹೊರರಾಜ್ಯದ ಚಾಂದ್‌ಖೇಡಾದಲ್ಲಿ ನಾನು ಬಾಡಿಗೆಗಿದ್ದ ಫ್ಲ್ಯಾಟಿನ ಕೆಳಗಿನ ಮನೆ ಅವರದು. ಧಾರವಾಡದವರು, ಗಂಡನ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ಉಳಿದವರು. ನಾನು ತುಮಕೂರಿನಿಂದ ಕೆಲಸಕ್ಕೆಂದು ಬಂದವಳು. ಮೊದಲ ದಿನವೇ "ಒಬ್ಬಾಕಿ ಏನು ಬೇಯಿಸ್ಕೊಂಡು ತಿಂತೀ?" ಎಂದು ರೊಟ್ಟಿ ಕೊಟ್ಟರು. ತಟ್ಟೆ ವಾಪಸ್ ಕೊಡಲು ಹೋದರೆ ಹೊತ್ತು ಮುಳುಗುವವರೆಗೆ ಬಿಡಲಿಲ್ಲ. ಮಂಡಿನೋವಿನಿಂದ ಮೆಟ್ಟಿಲು ಹತ್ತಲೂ ಆಗದ ಅವರಿಗೆ ಬೆಟ್ಟದ ಸುದ್ದಿ ಎಂದರೆ ಪ್ರಾಣ.

ರಜೆ ಸಿಕ್ಕರೆ ಸಾಕು, ಆಫೀಸಿನ ಗೆಳತಿಯರೊಂದಿಗೆ ನಾನು ಬೆಟ್ಟಕ್ಕೆ ಓಡುತ್ತಿದ್ದೆ. ಪೋಲೋ ಕಾಡಿನಲ್ಲಿ ಬಂಡೆಯ ತುದಿಗೆ ಕೈಚಾಚಿ ನಿಂತ ಫೋಟೋವನ್ನು ಜಂಬದಿಂದ ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಏನೇ ಅದು ಹುಚ್ಚಾಟ! ಕಾಲು ಜಾರಿದ್ರೆ ಏನೇ ಗತಿ? ಇನ್ನೊಂದ್ಸಲ ಬೆಟ್ಟ ಗಿಟ್ಟ ಅಂದ್ರೆ ಕೆಲ್ಸ ಬಿಟ್ಟು ಊರಿಗೆ ಬಾ."

ಸೂರತ್ ಆಚೆಯ ಡಾಂಗ್ ಕಾಡಿನಲ್ಲಿ ಎರಡು ದಿನ ಚಾರಣಕ್ಕೆ ಹೋಗುವುದೆಂದು ನಾವಾಗಲೇ ಗೊತ್ತು ಮಾಡಿದ್ದೆವು. ಅಮ್ಮನಿಗೆ ಸುಳ್ಳು ಹೇಳಿ ಹೋಗಲು ಮನಸ್ಸಿಲ್ಲ, ಹೋಗದೆ ಇರಲೂ ಮನಸ್ಸಿಲ್ಲ. ಮುಖ ಊದಿಸಿಕೊಂಡು ಆಂಟಿಯ ಮನೆಯ ಜೋಕಾಲಿಯ ಮೇಲೆ ಕುಳಿತೆ. ಅವರು ಪೋಲೋದ ಫೋಟೋಗಳನ್ನೆಲ್ಲ ನೋಡಿದರು.

"ನಿನ್ನ ಜೋಡಿ ಯಾರಿದ್ರು? ಏನು ತಿಂದ್ರಿ? ಅದೂ ಇರ್ಲಿ, ಇಳಿದ ಫೋಟೋ ಎಲ್ಲೈತಿ?"

"ಇಳಿಯೋದನ್ನ ಯಾರು ತೆಗೀತಾರೆ ಆಂಟಿ?"

"ಹಂಗಾದ್ರ ನಿಮ್ಮವ್ವನ ಪಾಲಿಗೆ ನೀ ಇನ್ನೂ ಆ ಕಲ್ಲಿನ ಮ್ಯಾಲೇ ನಿಂತೀ. ನಂಗೂ ಸೂರತ್ತಿನ್ಯಾಗ ಮಗಳದಾಳ. ಹೊಂಟೆ ಅಂತ ಫೋನ್ ಬಂದ್ರ ಸಮಾಧಾನ ಆಗೂದಿಲ್ಲ, ಮುಟ್ಟಿದೆ ಅಂತ ಬರಬೇಕು."

ಮುಂದಿನ ಭಾನುವಾರ ವಡೋದರಾ ಹತ್ತಿರದ ಪಾವಾಗಢ ಬೆಟ್ಟ ಹತ್ತಿದೆವು. ಆಂಟಿಯ ಅಪ್ಪಣೆಯಂತೆ ತೆಗೆಯುತ್ತ ಹೋದೆ. ವಡೋದರಾದಲ್ಲಿ ಬಸ್ಸಿಗೆ ಕಾಯುತ್ತ ತೂಕಡಿಸುವ ಗೆಳತಿಯರು, ರೊಟ್ಟಿಗೆ ಮುತ್ತಿದ ಕೈಗಳು, ನನ್ನ ಹಿಮ್ಮಡಿಯ ಗುಳ್ಳೆ, ಸೊಂಟ ಹಿಡಿದುಕೊಂಡು ಇಳಿಯುವವರ ಪೆಚ್ಚುಮೋರೆ. ತುದಿಯದು ಒಂದೇ ಫೋಟೋ. ಕೊನೆಯದನ್ನು ಆಂಟಿಯೇ ತೆಗೆದರು: ಅವರ ಬಚ್ಚಲಿನ ಬಕೆಟ್ಟಿನ ಬಿಸಿನೀರಿನಲ್ಲಿ ನನ್ನೆರಡು ಕಾಲು.

ಎಲ್ಲವನ್ನೂ ಅದೇ ಕ್ರಮದಲ್ಲಿ ಅಮ್ಮನಿಗೆ ಕಳಿಸಿ, ಡಾಂಗಿಗೆ ಹೋಗುವ ವಿಷಯವನ್ನೂ ಬರೆದು, ಬೈಗುಳ ಕೇಳಲು ಸಿದ್ಧಳಾಗಿ ಆಂಟಿಯ ಜೋಕಾಲಿಯ ಮೇಲೆ ಕುಳಿತೆ. ಅಮ್ಮನ ಫೋನ್ ಬಂತು.

"ಆ ಕೆಂಪು ಟೋಪಿ ಹುಡುಗಿ ಯಾರೇ? ಕಡ್ಡಿ ಥರ ಇದ್ದಾಳೆ. ಡಾಂಗಿಗೆ ಹೋಗೋವಾಗ ಅವಳಿಗೂ ನಾಲ್ಕು ಚಪಾತಿ ಜಾಸ್ತಿ ಕಟ್ಕೊ."

ಅಡುಗೆಮನೆಗೆ ಓಡಿ ಆಂಟಿಯನ್ನು ತಬ್ಬಿಕೊಂಡೆ. "ಬಿಡ ನಮ್ಮವ್ವಾ, ಹಾಲು ಉಕ್ಕತೈತಿ" ಎಂದು ಕೊಸರಿಕೊಂಡರು.

ಅಂದಿನಿಂದ ನನ್ನ ಫೋಟೋಗಳನ್ನು ಆರಿಸಿ ಜೋಡಿಸುವ ಅಧಿಕಾರ ಅವರದೇ. ನಾನು ಮೆಚ್ಚಿ ತೆಗೆದ ಸೂರ್ಯಾಸ್ತಗಳನ್ನು "ಇದರಾಗ ಏನೂ ಆಗವಲ್ದು" ಎಂದು ದಯೆಯಿಲ್ಲದೆ ತಳ್ಳಿಹಾಕುವರು. ನನಗೆ ಸಿಟ್ಟು ಬರುತ್ತಿತ್ತು. ಇದು ಯಾರ ಕಿತಾಪತಿ ಎಂದು ಅಮ್ಮನಿಗೂ ಗೊತ್ತಾಗಿ, ಇಬ್ಬರೂ ಫೋನಿನಲ್ಲೇ ಗೆಳತಿಯರಾದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿದ್ದರೂ ಮಾತಿಗೇನೂ ಬರವಿರಲಿಲ್ಲ.

ಹೋದ ಮಳೆಗಾಲದಲ್ಲಿ ಆಂಟಿ ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ಹೇಳಲು ಫೋನ್ ಮಾಡಿದಾಗ, ಮುಖವನ್ನೇ ಕಾಣದ ಆ ಗೆಳತಿಗಾಗಿ ಅಮ್ಮ ಅತ್ತಳು. ಆಮೇಲೆ ಅವಳೇ ಸುಧಾರಿಸಿಕೊಂಡು ಹೇಳಿದಳು:

"ನೀನು ಯಾವ ಬೆಟ್ಟಕ್ಕೆ ಹೋಗಿದ್ರೂ, ಪ್ರತಿ ಸಲ ನಿನ್ನ ಕೈ ಹಿಡ್ಕೊಂಡು ಬಂದು ನನ್ನ ಹತ್ರ ಬಿಡ್ತಿದ್ದೋರು ಅವರೇ ಕಣೇ."