ಗೋಡೆ ಮುಟ್ಟಿ ನೋಡುತ್ತಿದ್ದ ಸಣ್ಣತ್ತಿ

ಸಣ್ಣತ್ತಿಯ ಬಲ ಅಂಗೈ ಯಾವಾಗಲೂ ಸುಣ್ಣ ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು. ಯಾವ ಕೋಣೆಗೆ ಹೋದರೂ ಮೊದಲು ಗೋಡೆಗೆ ಕೈಯಿಟ್ಟು, ಕಿವಿ ಹಚ್ಚಿ ನಿಲ್ಲುತ್ತಿದ್ದರು. ಕೆಲವು ಗೋಡೆಗಳು ಅವರನ್ನು ಬಯ್ಯುತ್ತಿದ್ದವು, ಕೆಲವು ಸುಮ್ಮನಿರುತ್ತಿದ್ದವು. ಬಯ್ಯುವ ಗೋಡೆಗಳ ನಡುವೆ ಅವರಿಗೆ ನಿದ್ದೆಯಿಲ್ಲ. ನಿದ್ದೆಗೆಟ್ಟರೆ ಅನ್ನ ಬಿಡುತ್ತಿದ್ದರು, ಉಟ್ಟ ಸೀರೆಯ ಎಚ್ಚರ ತಪ್ಪುತ್ತಿತ್ತು, ಬೀದಿಗೆ ಬಂದು ಕೂಗುತ್ತಿದ್ದರು.

ಅವರು ನನ್ನ ಮಾವನ ಕಿರಿಯ ತಂಗಿ. ಮುಡಬಿ ಎಂಬ ಊರಿಗೆ ಕೊಟ್ಟಿದ್ದರಂತೆ. ತಲೆ ಕೆಟ್ಟಿದೆ ಎಂದು ಗಂಡನ ಮನೆಯವರು ಒಂದು ದಿನ ತಂದು ಬಸವಕಲ್ಯಾಣದ ತವರಿನ ಕಟ್ಟೆಯ ಮೇಲೆ ಕೂರಿಸಿ, ಒಂದು ಗುಟುಕು ನೀರೂ ಕುಡಿಯದೆ ಹೋದರಂತೆ. ಅರವತ್ತರ ದಶಕದಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವರು ಬೀದಿ ಬದಿಯ ಮುಂದಿನ ಖೋಲಿಯಲ್ಲಿದ್ದರು. ಆ ಗೋಡೆಗಳು ಸುಮ್ಮನಿದ್ದವು. ಅಲ್ಲಿ ಅವರು ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದರು, ಏಳುತ್ತಿದ್ದರು, ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು, ಬಳೆ ಮಾರುವ ಎದುರುಮನೆಯ ಮುಸಲ್ಮಾನರ ಖಾಲಾ ಜೊತೆ ಎಲೆಅಡಿಕೆ ಹಾಕಿಕೊಂಡು ನಗುತ್ತಿದ್ದರು. "ನಿಮ್ಮ ಮಾವನ ಪಡಸಾಲಿ ಗ್ವಾಡಿ ಭಾಳ ಬೈತಾವ ನೋಡವ್ವ, ಥೇಟ್ ಅವನಂಗ," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಮದುವೆಯಾಗಿ ಬಂದ ದಿನ ಮನೆ ತುಂಬ ಹೆಂಗಸರಿದ್ದರು. ನನ್ನ ಟ್ರಂಕು ಎಲ್ಲಿಡಬೇಕು, ನಾನೆಲ್ಲಿ ಕೂರಬೇಕು ಎಂಬುದನ್ನೆಲ್ಲ ನನ್ನೆದುರಿಗೇ ತಮ್ಮತಮ್ಮಲ್ಲೇ ಮಾತಾಡಿ ಮುಗಿಸಿದರು. ಸಣ್ಣತ್ತಿ ಒಬ್ಬರೇ ಹತ್ತಿರ ಬಂದು ಕೇಳಿದರು: "ನಿನಗ ಯಾವ ಕಡಿ ತಲಿ ಮಾಡಿದ್ರ ನಿದ್ದಿ ಬರ್ತದವ್ವ?" ಆ ಮನೆಯಲ್ಲಿ ನನಗೆ ಏನು ಬೇಕೆಂದು ಕೇಳಿದ ಮೊದಲ ಮಾತು ಅದು. ಕೇಳಿದವರು ಹುಚ್ಚಿ ಎಂದು ಆಮೇಲೆ ಗೊತ್ತಾಯಿತು. ಬುದ್ಧಿವಂತರು ಯಾರೂ ಕೇಳಲಿಲ್ಲ.

ನಾದಿನಿಗೆ ಗಂಡು ನೋಡುವ ಕಾಲ ಬಂತು. ಬೀಗರಾಗುವವರ ಕಣ್ಣಿಗೆ ಮೊದಲು ಬೀಳುವುದೇ ಆ ಮುಂದಿನ ಖೋಲಿ. ಮಾವ, ಹುಮನಾಬಾದಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಅವರ ತಮ್ಮ, ಓಣಿಯ ಒಂದಿಬ್ಬರು ಹಿರಿಯರು ಪಡಸಾಲೆಯಲ್ಲಿ ಕೂತರು. ನಾನು ಚಹಾ ಕೊಡುತ್ತಿದ್ದೆ. ಮೊದಲು ಬಂದದ್ದು ಘಾಟಬೋರಾಳದಿಂದ ತಂದ ಎತ್ತಿನ ಮಾತು. ಎತ್ತನ್ನು ಕೊಳ್ಳುವ ಮುಂಚೆ ಒಂದೆರಡು ದಿನ ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ ನೋಡುವುದು ರೂಢಿ. ಮೇವು ಮುಟ್ಟದಿದ್ದರೆ, ಮಲಗದೆ ನಿಂತೇ ಇದ್ದರೆ, ವಾಪಸು.

"ಹೊಸ ಜಾಗ ಅದಕ್ಕ ಒಗ್ಗಬೇಕಲ್ರಿ. ಜುಲುಮಿ ಮಾಡಿದ್ರ ಸೊರಗತದ," ಎಂದರು ಮಾವ. ಎಲ್ಲರೂ ತಲೆದೂಗಿದರು.

ಆಮೇಲೆ ಸಣ್ಣತ್ತಿಯ ಮಾತು. ಬಿದ್ದವರಿಗೆ ಆಳಿಗೊಂದು ಕಲ್ಲು. ಒಬ್ಬರು ಸರಪಳಿ ಎಂದರು, ಒಬ್ಬರು ದೂರದ ಆಸ್ಪತ್ರೆ ಎಂದರು. ತಾಟಿನಲ್ಲಿದ್ದ ಅವಲಕ್ಕಿ ಚೂಡಾ ಖಾಲಿಯಾಗುವುದರೊಳಗೆ ತೀರ್ಮಾನವಾಯಿತು: ಹುಮನಾಬಾದು, ಅಂಗಡಿಯ ಹಿಂದಿನ ತಗಡಿನ ಖೋಲಿ.

ಬಾಗಿಲಲ್ಲಿ ನಿಂತಿದ್ದ ಸಣ್ಣತ್ತಿ, "ಅಣ್ಣಾ, ನನಗೂ ಒಂದ್ ಮಾತ್ ಕೇಳ್ರಿ," ಎಂದರು. "ನನ್ನ ತಲಿ ಕೆಟ್ಟದ, ಖರೆ. ಆದ್ರ ನಿದ್ದಿ ಎಲ್ಲಿ ಬರ್ತದಂತ ನನಗ ಗೊತ್ತದ."

"ನೀ ಒಳಗ ನಡಿ. ನಿನಗೇನ್ ತಿಳಿತದ?" ಎಂದರು ಮಾವ.

ಅವರ ತಮ್ಮ ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾ ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ಅವರು ಕಟುಕರಾಗಿದ್ದರೆ ಇಷ್ಟು ಅಸಹ್ಯ ಅನ್ನಿಸುತ್ತಿರಲಿಲ್ಲ. ಎತ್ತಿನ ನಿದ್ದೆಯ ಚಿಂತೆ ಇದ್ದ ಜನ ಅವರು.

ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ದರ್ಶನಕ್ಕೆ ಹೋಗೋಣ ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದರು. ಸಣ್ಣತ್ತಿ ಹಸಿರು ಸೀರೆ ಉಟ್ಟು, ಉಡಿಯಲ್ಲಿ ಕಾಯಿ ಇಟ್ಟುಕೊಂಡು ಹಿಗ್ಗಿನಿಂದ ಹೋದರು. ದರ್ಶನ ಮುಗಿದ ಮೇಲೆ ನೇರ ತಗಡಿನ ಖೋಲಿಗೆ ಒಯ್ದು ಹೊರಗಿನಿಂದ ಚಿಲಕ ಹಾಕಿದರು. ದೇವರ ಹೆಸರಿನಲ್ಲಿ ಮೋಸ ಮಾಡಿ ಬಂದವರು ನಮಗೆಲ್ಲ ಪ್ರಸಾದ ಹಂಚಿದರು. ನಾನು ಕೈ ಚಾಚಲಿಲ್ಲ.

ತಿಂಗಳು ತುಂಬುವ ಮೊದಲೇ ಸಣ್ಣತ್ತಿ ನಡೆದುಕೊಂಡು ಕಲ್ಯಾಣಕ್ಕೆ ಬಂದರು. ಊಟ ಕೊಡಲು ಬಾಗಿಲು ತೆಗೆದಾಗ ತಪ್ಪಿಸಿಕೊಂಡಿದ್ದರು. ಅಂಗಾಲು ಒಡೆದು ರಕ್ತ ಬಂದಿತ್ತು. ಅವರ ಖೋಲಿಯಲ್ಲಿ ಆಗಲೇ ತೊಗರಿ ಚೀಲ ತುಂಬಿದ್ದವು, ಮಾವ ಹೊಸಿಲಿಗೆ ಅಡ್ಡ ನಿಂತರು. ಆಗ ಖಾಲಾ ಎದುರಿನಿಂದ ಕರೆದರು: "ಬೆಹೆನ್, ನಮ್ಮ ಮುಂದಿನ ಖೋಲಿ ಖಾಲಿ ಅದ. ಬಂದು ನೋಡ್ರಿ. ಪಸಂದ್ ಆದ್ರ ಇರ್ರಿ, ಇಲ್ಲಾಂದ್ರ ಬ್ಯಾರೆ ನೋಡೋಣು."

ಸಣ್ಣತ್ತಿ ಆ ಗೋಡೆಗೆ ಕೈಯಿಟ್ಟು ಬಹಳ ಹೊತ್ತು ನಿಂತರು. "ಸುಮ್ಮನ ಅದಾವ," ಎಂದು ಅಲ್ಲೇ ನೆಲದ ಮೇಲೆ ಒರಗಿದವರು ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ.

ಅಷ್ಟರಲ್ಲಿ ಮಾವನಿಗೆ ಮಾನ ನೆನಪಾಯಿತು. ತಂಗಿ ಬೀದಿಯಲ್ಲಿ ನಿಂತಾಗ ಹೋಗದ ಮಾನ, ಮುಸಲ್ಮಾನರ ಮನೆಯಲ್ಲಿ ಮಲಗಿದಾಗ ಹೋಯಿತಂತೆ. ಜೀಪು ತರಿಸಿದರು.

"ಅವ್ರಿಗೂ ಒಂದ್ ಮಾತ್ ಕೇಳ್ರಿ ಸಾಹುಕಾರ್ರೆ," ಎಂದರು ಖಾಲಾ.

"ಹುಚ್ಚಿಗೇನ್ ಕೇಳೂದು?"

ಇಬ್ಬರು ಆಳುಗಳು ರಟ್ಟೆ ಹಿಡಿದು ಹತ್ತಿಸಿದರು. ಸಣ್ಣತ್ತಿ ಕೂಗಲಿಲ್ಲ, ಅಳಲಿಲ್ಲ. "ನಾ ಹೇಳೇನಲ್ಲ, ಇಲ್ಲಿ ನಿದ್ದಿ ಬರ್ತದಂತ? ಹೇಳೇನಲ್ಲ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೇಳುತ್ತಿದ್ದರು.

ತಗಡಿನ ಕೆಳಗೆ ಎರಡು ಬೇಸಿಗೆ ಕಳೆದರು. ಕೊನೆಗೆ ಅನ್ನ ನೀರು ಬಿಟ್ಟು ತೀರಿಕೊಂಡರು. ನಾವು ಹುಮನಾಬಾದಿಗೆ ಹೋದಾಗ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿದ್ದರು. ಅಂಗಳದಲ್ಲಿ ಮಣ್ಣು ಎಲ್ಲಿ ಕೊಡಬೇಕೆಂದು ಮಾತು ನಡೆದಿತ್ತು. ಇಲ್ಲೇ ಮುಗಿಸೋಣ ಎಂದರು ಅಂಗಡಿಯ ತಮ್ಮ. ಮಾವ ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡರು.

"ಬ್ಯಾಡ. ಕಲ್ಯಾಣಕ್ಕ ಒಯ್ಯೂಣು. ಅಕಿಗಿ ಅಲ್ಲೇ ಇರಬೇಕಂತ ಭಾಳ ಇತ್ತು."

ಹೌದ್ರಿ, ಹೌದ್ರಿ ಎಂದರು ಎಲ್ಲರೂ. ಎಲ್ಲರಿಗೂ ಗೊತ್ತಿತ್ತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಹೆಂಗಸರು ಅದನ್ನು ದುಃಖ ಎಂದುಕೊಂಡರು.