ಮೊದಲೇ ನೋಡಿ ಬಂದವರು

ಅವರೆಕಾಯಿಯ ಸೊಗಡು ಕೈಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ಈ ಭಾನುವಾರ ಮಧ್ಯಾಹ್ನ ಅದೇ ಕೈಯಲ್ಲಿ ಟಿವಿಯ ರಿಮೋಟು ಒತ್ತಿದೆ. ಅದು ಮಿಸುಕಲಿಲ್ಲ. ಎಲ್ಲರೂ ಮಾಡುವ ಹಾಗೆ ಮೊದಲು ಅಂಗೈಗೆ ಎರಡು ಸಲ ಬಡಿದೆ, ಆಮೇಲೆ ಶೆಲ್ಲುಗಳನ್ನು ಬೆರಳಿನಿಂದ ಉರುಳಿಸಿದೆ, ಕೊನೆಗೆ ಸೋತು ಹೊಸ ಶೆಲ್ಲು ಹಾಕಲು ಕುಳಿತೆ. ಹಳೆಯವನ್ನು ತೆಗೆದಾಗ ಒಂದರ ಕೆಳಗೆ, ಅಲ್ಲಾಡದಿರಲಿ ಎಂದು, ಸಣ್ಣದಾಗಿ ಮಡಚಿ ತುರುಕಿದ್ದ ಒಂದು ಚೀಟಿ ಸಿಕ್ಕಿತು. ಬಿಡಿಸಿ ನೋಡಿದೆ. ಎರಡೂ ಕಡೆ ಬಿಳಿ. ಒಂದು ಅಕ್ಷರವೂ ಇಲ್ಲ.

ನೀವು ನೋಡಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದಿರಿ. ನಾನು ಅದನ್ನು ಮೊಣಕಾಲಿನ ಮೇಲೆ ಇಟ್ಟು ಸವರಿ ನೇರ ಮಾಡಿದೆ. ಯಾಕೆ ಎಂದು ಹೇಳುತ್ತೇನೆ. ಸ್ವಲ್ಪ ನಿಧಾನವಾಗುತ್ತದೆ, ಅವಸರದಲ್ಲಿ ಹೇಳಲು ನನಗೆ ಬರುವುದಿಲ್ಲ.

ನಾನು ಚಿಂತಾಮಣಿಯಲ್ಲಿದ್ದುಕೊಂಡು, ಕೈವಾರದ ಬಸ್ಸು ಹತ್ತಿ ಹೋಗಬೇಕಾದ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಎರಡು ವರ್ಷದ ಹಿಂದೆ, ದಸರಾ ರಜೆ ಮುಗಿದು ಶಾಲೆ ತೆರೆದ ವಾರ, ಬಸ್ಸಿನಲ್ಲಿ ಎಡಗಡೆಯ ಮೊದಲ ಸೀಟಿನಲ್ಲಿ ಕುಳಿತಿದ್ದೆ. ಎದುರಿಗೆ ದೊಡ್ಡ ಗಾಜು. ಒಂದು ತಿರುವಿನಲ್ಲಿ, ಪಕ್ಕದ ಮಣ್ಣಿನ ದಾರಿಯಿಂದ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡ ಒಬ್ಬರು ಬೈಕಿನಲ್ಲಿ ಬಂದರು. ಚಕ್ರ ಮರಳಿನ ಮೇಲೆ ಜಾರಿತು. ನಮ್ಮ ಡ್ರೈವರು ಬ್ರೇಕು ಹಾಕಿದರು, ಆದರೂ ತಡವಾಗಿತ್ತು. ನಾನು ನೋಡಿದ್ದನ್ನು ನೋಡಿದಷ್ಟೇ ಹೇಳುತ್ತೇನೆ: ನೀಲಿ ಅಂಗಿ. ಎರಡು ಕ್ಯಾನು. ಒಂದರ ಮುಚ್ಚಳ ಬಿಚ್ಚಿಕೊಂಡು, ಹಾಲು ಇಳಿಜಾರಿನಲ್ಲಿ ನಿಧಾನವಾಗಿ ನಮ್ಮ ಬಸ್ಸಿನ ಕಡೆಗೆ ಹರಿದು ಬಂತು. ಆತ ಮಾರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ಆಮೇಲೆ ತಿಳಿಯಿತು. ಪೊಲೀಸರು ಕೇಳಿದಾಗಲೂ ಇಷ್ಟನ್ನೇ ಹೇಳಿದೆ. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ, "ಚೆನ್ನಾಗಿ ನೋಡಿದೀರ ಮೇಡಂ" ಎಂದರು. ಚೆನ್ನಾಗಿ ನೋಡಿದ್ದೇ ನನಗೆ ತೊಂದರೆಯಾಯಿತು.

ಅಂದಿನಿಂದ ಬಸ್ಸು ಹತ್ತಲಾಗಲಿಲ್ಲ. ನನ್ನ ಯಜಮಾನರು ಬೈಕಿನಲ್ಲಿ ಬಿಟ್ಟುಬರುತ್ತೇನೆಂದರು, ಬೀದಿಯ ತುದಿಯವರೆಗೆ ಹೋಗಿ ಇಳಿದುಬಿಟ್ಟೆ. ಬರೀ ರಸ್ತೆಯಾಗಿದ್ದರೆ ಹೇಗೋ ಇರುತ್ತಿದ್ದೆ. ಚೌಕಟ್ಟಿನೊಳಗೆ ಏನು ಚಲಿಸಿದರೂ ನನಗೆ ಆ ಗಾಜೇ ಆಗುತ್ತಿತ್ತು. ಕಿಟಕಿ, ಕನ್ನಡಿ, ಟಿವಿ. ಟಿವಿಯಲ್ಲಿ ಯಾರಾದರೂ ರಸ್ತೆ ದಾಟಲು ಕಾಲಿಟ್ಟರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದೆ. ಶಾಲೆಗೆ ಹಾಕಿದ ರಜೆ ಒಂದು ತಿಂಗಳಾಯಿತು, ಎರಡಾಗುತ್ತ ಬಂತು. ಹೆಡ್ಮಾಸ್ತರು ಫೋನಿನಲ್ಲಿ, "ಹೊಸ ವರ್ಷಕ್ಕಾದ್ರೂ ಬನ್ನಿಯಮ್ಮ, ಅದಾದ್ಮೇಲೆ ನನ್ನ ಕೈಲಿಲ್ಲ" ಎಂದು ಮೆತ್ತಗೆ ಹೇಳಿದರು. ನಾನು ಹೂಂ ಎಂದೆ. ಹೋಗುವುದು ಹೇಗೆಂದು ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಅತ್ತೆಯನ್ನು ನಿಮಗೆ ಪರಿಚಯಿಸಬೇಕು. ಆಂಧ್ರದ ಗಡಿಗೆ ಅಂಟಿಕೊಂಡ ಊರಿನ ಹೆಣ್ಣು; ಕೋಪ, ಪ್ರೀತಿ ಎರಡೂ ಬಂದಾಗ ಬಾಯಲ್ಲಿ ತೆಲುಗು. ಎಪ್ಪತ್ತು ದಾಟಿದ್ದರೂ ಸಿನಿಮಾದ ಹುಚ್ಚು ಬಿಟ್ಟಿಲ್ಲ. ಟಿವಿಗೆ ಇಂಟರ್‌ನೆಟ್ ಹಾಕಿಸಿದ ಮೇಲೆ ಭಾಷೆಯ ಹಂಗೂ ತೊಲಗಿತು. ಒಂದು ದಿನ ಅವರೇ ನನ್ನ ಪಕ್ಕ ಬಂದು ಕುಳಿತರು.

"ನೋಡಮ್ಮಾ, ಭಯ ಯಾಕಾಗುತ್ತೆ? ಮುಂದೇನಾಗುತ್ತೋ ಗೊತ್ತಿಲ್ದೇ ಇರೋದಕ್ಕೆ ತಾನೇ? ನಾನು ಬೆಳಿಗ್ಗೆ ಮೊದಲೇ ನೋಡ್ಬಿಡ್ತೀನಿ. ಮಧ್ಯಾಹ್ನ ನಿನಗೆ ಕೊನೇದನ್ನ ಮೊದ್ಲು ಹೇಳ್ತೀನಿ. ಆಮೇಲೆ ಇಬ್ರೂ ನೋಡಣ."

"ಕೊನೇದು ಹೇಳಿದ್ಮೇಲೆ ಸಿನಿಮಾ ಯಾಕೆ ನೋಡ್ಬೇಕು ಅತ್ತೆ?"

"ರಾತ್ರಿಗೆ ಮುದ್ದೆ, ಸಾರು ಅಂತ ಬೆಳಿಗ್ಗೇನೇ ಗೊತ್ತಿರುತ್ತೆ. ಊಟಕ್ಕೆ ಕೂರಲ್ವೇನೇ ನೀನು?"

ಹೀಗೆ ಶುರುವಾಯಿತು. ಬೆಳಿಗ್ಗೆ ನಾನು ಒಳಗೆ ಮಲಗಿದ್ದಾಗ ಅವರು ಶಬ್ದ ಕಡಿಮೆ ಮಾಡಿಕೊಂಡು ಒಂದು ಸಿನಿಮಾ ನೋಡುತ್ತಿದ್ದರು. ಮಧ್ಯಾಹ್ನ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಇಬ್ಬರ ನಡುವೆ ಇಟ್ಟು, ಬೇಳೆ ಹಿತಕುತ್ತ ಅದನ್ನೇ ಮತ್ತೆ ನೋಡುವುದು. ನಿಮಿಷ ಗಂಟೆಯ ಲೆಕ್ಕ ಅವರಿಗೆ ಬೇಡ, ಗುರುತೆಲ್ಲ ಸೀರೆ ಅಂಗಿಗಳದ್ದು. "ಹಳದಿ ಸೀರೆಯೋಳು ಬಾಗಿಲು ತೆಗೀತಾಳಲ್ಲ, ಅಲ್ಲಿ." ಆ ಜಾಗ ಬಂದೊಡನೆ ಅವರ ಒದ್ದೆ ಅಂಗೈ ನನ್ನ ಕಣ್ಣಿನ ಮೇಲೆ. ಕತ್ತಲು, ತಣ್ಣಗೆ, ಅವರೆಯ ವಾಸನೆ. "ಅಂತೇ, ಅಷ್ಟೇ, ಆಗೋಯ್ತು" ಎಂದು ತೆಲುಗು ಬೆರೆಸಿ ಹೇಳಿ ಕೈ ತೆಗೆದಾಗ ತೆರೆಯ ಮೇಲೆ ಯಾರೋ ಕಾಫಿ ಕುಡಿಯುತ್ತಿರುತ್ತಿದ್ದರು.

ಎಷ್ಟು ಬಗೆಯ ಸಿನಿಮಾ ನೋಡಿದೆವು ಆ ಚಳಿಗಾಲದಲ್ಲಿ! ಪಾಳುಬಂಗಲೆಯ ದೆವ್ವದ ಚಿತ್ರ ಮುಗಿದಾಗ ಅತ್ತೆ ಯೋಚಿಸಿ ಹೇಳಿದ್ದು, "ಅಷ್ಟು ದೊಡ್ಡ ಬಂಗ್ಲೆ, ಒಬ್ಳೇ. ಗುಡಿಸಿ ಸಾರ್ಸೋಕೆ ಸಾಕಾಗಿ ಕಿರುಚ್ತಾಳೆ ಪಾಪ." ಕೊಲೆಗಾರನನ್ನು ಹುಡುಕುವ ಚಿತ್ರದಲ್ಲಿ ಪೊಲೀಸರು ಊರೆಲ್ಲ ಅಲೆದದ್ದು ಅವರಿಗೆ ಸರಿಬರಲಿಲ್ಲ, "ಅಡುಗೆಯವಳನ್ನ ಒಂದು ಮಾತು ಕೇಳಿದ್ರೆ ಅರ್ಧ ಗಂಟೇಲಿ ಮುಗೀತಿತ್ತು." ಪ್ರೇಮದ ಚಿತ್ರಗಳ ಬಗ್ಗೆಯೂ ಹೆಚ್ಚುಕಡಿಮೆ ಇದೇ ಅಭಿಪ್ರಾಯ: ಇಬ್ಬರೂ ಒಂದು ಸಲ ಕೂತು ಮಾತಾಡಿದ್ದರೆ ಸಿನಿಮಾನೇ ಇರುತ್ತಿರಲಿಲ್ಲ. ಆಕಾಶಕ್ಕೆ ಹಾರುವವರ ಇಂಗ್ಲಿಷ್ ಚಿತ್ರವನ್ನು ಬಹಳ ಗಮನವಿಟ್ಟು ನೋಡಿ, "ಅಲ್ಲಿ ಗಾಳಿ ಇಲ್ಲ ಅಂತಾರೆ, ಮತ್ತೆ ಅವಳ ಮುಂಗುರುಳು ಯಾಕೆ ಹಾರ್ತಿತ್ತು?" ಎಂದರು. ವಿಜ್ಞಾನ ಪಾಠ ಮಾಡುವ ನಾನು ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಯುದ್ಧದ ಚಿತ್ರಕ್ಕೆ ಮಾತ್ರ ತಮಾಷೆ ಮಾಡಲಿಲ್ಲ. ಬೇಳೆ ಹಿತಕುವುದನ್ನು ನಿಲ್ಲಿಸಿ, "ಎಲ್ರದೂ ಒಂದೇ ಥರ ಬಟ್ಟೆ. ಯಾರ ಕಡೆಯೋರು ಯಾರು ಅಂತ ಅವರಮ್ಮಂದಿರಿಗೇ ಗೊತ್ತಾಗ್ಬೇಕು" ಎಂದರು.

ನಾನು ನಗಲು ಕಲಿತೆ. ನಂತರ ಆ ಕೈ ಕಣ್ಣಿನ ಮೇಲಿದ್ದಾಗ ಬೆರಳಿನ ಸಂದಿಯಿಂದ ಇಣುಕಲೂ ಕಲಿತೆ. ಹೊಸ ವರ್ಷಕ್ಕೆ ಹೋಗಬಹುದೇನೋ ಎಂದು ಒಂದು ಸಂಜೆ ಮನೆಯಲ್ಲಿ ಅಂದೂಬಿಟ್ಟೆ.

ಆಗ ನೋಡಿದ್ದು ಆ ನಗೆ ಸಿನಿಮಾ. "ಕಣ್ಣು ಮುಚ್ಚೋ ಜಾಗಾನೇ ಇಲ್ಲ ಕಣೇ ಇದರಲ್ಲಿ. ಕೊನೇಲಿ ಮದುವೆ. ಎಲ್ಲಾರೂ ಚೆನ್ನಾಗಿರ್ತಾರೆ" ಎಂದರು ಅತ್ತೆ. ನಿಜಕ್ಕೂ ನಕ್ಕೂ ನಕ್ಕೂ ಸುಸ್ತಾದೆವು. ಮದುವೆಯಾಯಿತು, ತಾಳಿ ಕಟ್ಟಿದರು, ಅಕ್ಷತೆ ಬಿತ್ತು. ಆದರೆ ಸಿನಿಮಾ ಮುಗಿಯಲಿಲ್ಲ. ಮದುಮಕ್ಕಳು ಹೂವಿನ ಕಾರು ಹತ್ತಿದರು. ಕಾರಿನ ಗಾಜಿನೊಳಗಿಂದ ರಸ್ತೆ ಕಾಣಿಸಿತು. ಒಂದು ತಿರುವು. ಎದುರಿನಿಂದ ಲಾರಿ.

ನಾನು ಕೂಗಿದ್ದು ನನಗೆ ನೆನಪಿಲ್ಲ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದದ್ದು ನೆನಪಿದೆ. ಪಾತ್ರೆ ಮಗುಚಿ ಬೇಳೆಯೆಲ್ಲ ನೆಲದ ಮೇಲೆ ಚೆಲ್ಲಿತ್ತು.

ಆದದ್ದು ಇಷ್ಟೇ. ಅತ್ತೆಯ ಲೆಕ್ಕದಲ್ಲಿ ತಾಳಿ ಕಟ್ಟಿದರೆ ಸಿನಿಮಾ ಮುಗಿದ ಹಾಗೆ. ಅವರು ಟೆಂಟಿನ ಕಾಲದಿಂದ ನೋಡಿದ ಚಿತ್ರಗಳಲ್ಲೆಲ್ಲ ಓಲಗ ಜೋರಾದರೆ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅಂದು ಬೆಳಿಗ್ಗೆಯೂ ಹಾಗೆಯೇ ತಾಳಿ ಕಟ್ಟಿದ ಕೂಡಲೇ ಟಿವಿ ಆರಿಸಿ, ಒಲೆಯ ಮೇಲಿನ ಹಾಲು ಇಳಿಸಲು ಎದ್ದುಹೋಗಿದ್ದರು.

ಮೂರು ದಿನ ಟಿವಿ ಹಾಕಲಿಲ್ಲ. ಅತ್ತೆ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾನೂ ಅವರಿಗೆ ಸಮಾಧಾನ ಹೇಳಲಿಲ್ಲ, ಅದನ್ನು ಬಚ್ಚಿಡುವುದಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಮಗನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು: "ನಂಬ್ಕೊಂಡು ಕೂತಿದ್ಲು ಕಣೋ. ನಾನೇ ಕರ್ಕೊಂಡೋಗಿ ತಳ್ಳಿದಂಗಾಯ್ತು." ಹೊಸ ವರ್ಷಕ್ಕೆ ಇನ್ನೊಂದು ವಾರ ಉಳಿದಿತ್ತು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಪತ್ರ ಬರೆಯುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ, "ಕೈವಾರಕ್ಕೆ ಹೋಗಿ ಕೈ ಮುಗಿದು ಬರ್ತೀನಿ" ಎಂದು ಚೀಲ ಹಿಡಿದು ಹೊರಟರು. ಒಬ್ಬರೇ ಎಲ್ಲಿಗೂ ಹೋಗುವವರಲ್ಲ. ಮಧ್ಯಾಹ್ನ ಧೂಳು ಮುಖದಲ್ಲಿ ಬಂದು, ಒಂದು ಚೊಂಬು ನೀರು ಕುಡಿದು, ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತರು.

"ಕೊನೇದು ಮೊದ್ಲು ಹೇಳ್ತೀನಿ. ಬಸ್ಸು ನಿಲ್ಲುತ್ತೆ. ಎಲ್ಲಾರೂ ಇಳೀತಾರೆ. ಒಬ್ಬರಿಗೂ ಏನೂ ಆಗಲ್ಲ."

ಚೊಂಬನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು.

"ಈಗ ಶುರುವಿಂದ. ನಿನ್ನ ಸೀಟಲ್ಲೇ ಕೂತಿದ್ದೆ. ಊರು ದಾಟಿದ್ಮೇಲೆ ಒಂದು ಹಂಪು, ಗಡಗಡ ಅನ್ನುತ್ತೆ, ಅಷ್ಟೇ. ಆಮೇಲೆ ಹುಣಸೆಮರಗಳು. ಆಮೇಲೆ ಕೋಳಿ ಫಾರಮ್ಮು. ಮೂಗಿಗೆ ಹೊಡೆಯುತ್ತಲ್ಲ, ಆಗ ಕಣ್ಣು ಮುಚ್ಚು. ಅಲ್ಲೇ ಆ ತಿರುವು. ವಾಸನೆ ಹೋದ್ಮೇಲೆ ಬಿಡು."

"ಅಲ್ಲಿ..." ಎಂದೆ.

"ನಾನು ಮುಚ್ಚಲಿಲ್ಲ ಕಣೇ. ನಿನಗೋಸ್ಕರ ಬಿಟ್ಕೊಂಡೇ ಇದ್ದೆ. ಹುಲ್ಲು ಬೆಳೆದಿದೆ. ರಸ್ತೆ ಮೇಲೆ ಏನೂ ಇಲ್ಲ. ಬರ್ತಾನೂ ನೋಡ್ದೆ. ಬರ್ತಾ ಒಬ್ಬ ಹಾಲಿನೋನು ಎದುರಿಗೆ ಬಂದ, ಅದನ್ನ ಮುಚ್ಚಿಡಲ್ಲ. ಪಕ್ಕಕ್ಕೆ ನಿಲ್ಲಿಸ್ಕೊಂಡ, ಬಸ್ಸು ಹೋಯ್ತು, ಅವನೂ ಹೋದ."

ಆಮೇಲೆ ಸೆರಗಿನ ಗಂಟು ಬಿಚ್ಚಿ ಎರಡು ಟಿಕೆಟ್ಟು ತೆಗೆದು ನನ್ನ ಮುಂದಿಟ್ಟರು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟು. ಹೋದದ್ದು ಒಂದು, ಬಂದದ್ದು ಒಂದು. "ನೋಡ್ಕೋ. ಈ ಸಲ ಕೊನೇತನಕ ಇದ್ದೆ. ತಾಳಿ ಕಟ್ಟಿದ್ ತಕ್ಷಣ ಎದ್ದು ಬಂದಿಲ್ಲ."

ಎರಡು ತಿಂಗಳಲ್ಲಿ ನಾನು ಅತ್ತಿರಲಿಲ್ಲ. ಅವತ್ತು ಅತ್ತುಬಿಟ್ಟೆ.

ಹೊಸ ವರ್ಷದ ಮೊದಲ ಸೋಮವಾರ ಬಸ್ಸು ಹತ್ತಿದೆ. ಹಂಪು ಬಂತು. ಹುಣಸೆಮರಗಳು ಬಂದವು. ಕೋಳಿ ಫಾರಮ್ಮಿನ ವಾಸನೆ ಹೊಡೆದಾಗ ನನ್ನ ಕೈಯನ್ನೇ ಕಣ್ಣಿನ ಮೇಲೆ ಇಟ್ಟುಕೊಂಡೆ. ಬೆಳಿಗ್ಗೆ ಬೇಳೆ ಹಿತಕಿ ಬಂದಿದ್ದ ಕೈ. ಆ ಕೆಟ್ಟ ವಾಸನೆಯ ನಡುವೆ ಅವರೆಯ ಸೊಗಡು ಸಣ್ಣಗೆ ಬಂತು, ಅದನ್ನೇ ಹಿಡಿದುಕೊಂಡು ತಿರುವು ದಾಟಿದೆ. ಕಂಡಕ್ಟರು, "ಯಾಕ್ ಮೇಡಂ, ತಲೆನೋವಾ?" ಎಂದರು. ಹೌದೆಂದೆ. ಒಂಬತ್ತು ದಿನ ಹಾಗೆ ಹೋದೆ. ಹತ್ತನೆಯ ದಿನ ಬೆರಳು ಸ್ವಲ್ಪ ಸಡಿಲಿಸಿದೆ. ಹುಲ್ಲು ಇತ್ತು. ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು ರಾಗಿ ಹರಡುತ್ತಿದ್ದಳು. ಬಸ್ಸಿಗೆ ದಾರಿ ಬಿಡಲು ಮೊರವನ್ನು ಎದೆಗೆ ಅವಚಿಕೊಂಡು ಪಕ್ಕಕ್ಕೆ ಸರಿದಳು. ನೀಲಿ ಅಂಗಿಯವರನ್ನು ನಾನು ಮರೆತಿಲ್ಲ, ಮರೆಯಬೇಕೆಂದೂ ಇಲ್ಲ. ಆದರೆ ಈಗ ಆ ತಿರುವಿನಲ್ಲಿ ಅವರ ಜೊತೆಗೆ ಅವಳೂ ಇದ್ದಾಳೆ.

ಎರಡು ಟಿಕೆಟ್ಟುಗಳಲ್ಲಿ ಒಂದು ಎಲ್ಲಿ ಹೋಯಿತೋ ತಿಳಿಯದು. ಇನ್ನೊಂದನ್ನು ಸಡಿಲ ಶೆಲ್ಲಿಗೆ ಆಸರೆಯಾಗಿ ತುರುಕಿದವರು ಅತ್ತೆಯೇ ಇರಬೇಕು. ಅವರು ಯಾವುದನ್ನೂ ದಂಡ ಮಾಡುವವರಲ್ಲ. ಕಂಡಕ್ಟರ ಟಿಕೆಟ್ ಮಿಷನ್ನಿನ ಅಕ್ಷರ ಹೆಚ್ಚು ದಿನ ನಿಲ್ಲುವುದಿಲ್ಲ, ಮಾಸಿ ಬಿಳಿಯಾಗಿಬಿಡುತ್ತದೆ.

"ಏನೇ ಅದು?" ಎಂದರು ಪಕ್ಕದಲ್ಲಿ ಬೇಳೆ ಹಿತಕುತ್ತಿದ್ದ ಅತ್ತೆ. ಈಗ ಅವರಿಗೆ ಒಂದು ಕಣ್ಣು ಮಂಜು.

"ಬಸ್ ಟಿಕೆಟ್ಟು ಅತ್ತೆ."

"ಎಲ್ಲಿಗಂತ ಬರೆದಿದೆ?"

ಬಿಳಿ ಕಾಗದವನ್ನು ಇನ್ನೊಮ್ಮೆ ನೋಡಿದೆ. "ಕೈವಾರಕ್ಕೆ" ಎಂದೆ.

ಮೊದಲಿದ್ದ ಮಡಿಕೆಗಳ ಮೇಲೆಯೇ ಮಡಚಿ, ಹೊಸ ಶೆಲ್ಲಿನ ಕೆಳಗೆ ಅದನ್ನೇ ಇಟ್ಟೆ. ಅದಿಲ್ಲದೆ ಶೆಲ್ಲು ಕೂರುವುದಿಲ್ಲ. ಟಿವಿ ಹತ್ತಿಕೊಂಡಿತು. ಯಾವುದೋ ಹೊಸ ಸಿನಿಮಾದ ಚಿತ್ರ ಬಂತು, ಕತ್ತಲೆಯ ರಸ್ತೆ, ಒಂದು ಕಾರು.

"ಇದನ್ನ ನೋಡಿದೀರಾ ಅತ್ತೆ?"

"ಇಲ್ವಲ್ಲೇ. ನೀನು?"

"ನಾನೂ ಇಲ್ಲ."

ನಾನು ಗುಂಡಿ ಒತ್ತಿದೆ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಯಾವುದಕ್ಕೂ ಇರಲಿ ಎಂದು, ನನ್ನ ಹೆಗಲ ಮೇಲೆ ಇಟ್ಟರು.