ದೊಡ್ಡವ್ವ ಮಣ್ಣು ಕೊಟ್ಟ ದಿನ

ಜೋರು ಮಳೆ ಬಂದರೆ ಮಾನ್ವಿಯಿಂದಾಚೆ ಬಸ್ಸೇ ಹೋಗದ ಕಾಲವದು. ನನಗಾಗ ಒಂಬತ್ತು ವರ್ಷ. ಅವ್ವನ ಅಕ್ಕ ಸುಂದರಮ್ಮ ರಾಯಚೂರಿನಲ್ಲಿ ನಮ್ಮ ಜೊತೆಗೇ ಇದ್ದಳು. ಮದುವೆಯಾಗಿರಲಿಲ್ಲ. ಮೆಥೋಡಿಸ್ಟ್ ಸಭೆಯ ಬೈಬಲ್ ಅಮ್ಮನಾಗಿ ಹಳ್ಳಿ ಹಳ್ಳಿ ನಡೆದು ಹೆಂಗಸರಿಗೆ ಸತ್ಯವೇದ ಓದಿ ಹೇಳುತ್ತಿದ್ದಳು, ಅಕ್ಷರ ಕಲಿಸುತ್ತಿದ್ದಳು. ಆ ಕೆಲಸ ಅವಳಿಗೆ ಬಂದದ್ದು ಅವಳಜ್ಜಿಯಿಂದ. ಸಭೆ ಹುಟ್ಟಿದ ಹೊಸತರಲ್ಲಿ, ಗಂಡಸರು ಹೋಗಲಾಗದ ಅಡುಗೆಮನೆಗಳಲ್ಲಿ ಕೂತು ಪ್ರಾರ್ಥನೆ ಹೇಳಿಕೊಟ್ಟವರು ಅಂಥ ಹೆಂಗಸರೇ.

ಆ ದಸರೆ ರಜೆಯಲ್ಲಿ ದೊಡ್ಡವ್ವ ನನ್ನನ್ನೂ ಹೊಳೆದಂಡೆಯ ಒಂದು ಹಳ್ಳಿಗೆ ಕರೆದೊಯ್ದಳು. ಅವಳ ಹತ್ತಿರ ಅಕ್ಷರ ಕಲಿತಿದ್ದ ಶಾಂತಮ್ಮನ ಮನೆಯಲ್ಲಿ ಇಳಿದೆವು. ತುಂಬಿದ ಬಸುರಿ ಶಾಂತಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಓಣಿಯ ಹುಡುಗಿಯರೊಡನೆ ಗಜಗ ಆಡಿದೆ.

ಮರುದಿನ ಮುಂಜಾನೆ ಹೆರಿಗೆಯಲ್ಲಿ ಶಾಂತಮ್ಮ ತೀರಿಕೊಂಡಳು. ಕೂಸು ಉಳಿಯಿತು.

ಪ್ರಾರ್ಥನೆ ಓದಿ ಮಣ್ಣು ಕೊಡಬೇಕಾದ ಪಾಸ್ಟರು ದೇವದುರ್ಗದ ಕಡೆ ಹೋಗಿದ್ದರು. ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು. ಮಧ್ಯಾಹ್ನದವರೆಗೆ ಕಾದರು. ಕೊನೆಗೆ ದೊಡ್ಡವ್ವ, "ನಾನ ಓದ್ತೀನ್ರಿ" ಎಂದಳು.

ಸಭೆಯ ಹಿರಿಯರೊಬ್ಬರು ಬೇಡವೆಂದು ತಲೆಯಾಡಿಸಿದರು. "ನಮ್ಮಲ್ಲಿ ಹೆಣ್ಮಕ್ಕಳು ಮಣ್ಣು ಕೊಡೂ ಕುಣಿ ತನಕ ಬರೂದಿಲ್ರಿ. ನೀವು ಮನ್ಯಾಗ ಪ್ರಾರ್ಥನಿ ಮಾಡ್ರಿ, ಸಾಕು."

ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಶಾಂತಮ್ಮನ ತಾಯಿ ಮೆಲ್ಲಗೆ ಹೇಳಿದಳು: "ನನ್ನ ಮಗಳು ತನ್ನ ಹೆಸರು ಬರಿಯೂದು ಕಲ್ತಿದ್ದು ಈಕಿ ಕೈಯಾಗ. ಈಕೀನ ಓದ್ಲಿ ಯಪ್ಪಾ. ಇಲ್ಲಂದ್ರ ಹೆಣ ಎತ್ತಬ್ಯಾಡ್ರಿ."

ಹಿರಿಯರು ಹೆಗಲ ಮೇಲಿನ ಟವೆಲ್ ತಲೆಗೆ ಸುತ್ತಿಕೊಂಡರು. "ಆತು, ಬರ್ರಿ" ಎಂದರು.

ಹಸಿ ಎರೆಮಣ್ಣಿನ ವಾಸನೆ ಇಂದಿಗೂ ಮೂಗಿನಲ್ಲಿದೆ. ಜಿನುಗು ಮಳೆಯಲ್ಲಿ ಪುಸ್ತಕಕ್ಕೆ ಸೆರಗು ಮರೆಮಾಡಿ ದೊಡ್ಡವ್ವ ಓದಿದಳು. ನಡುವೆ ದನಿ ನಿಂತಿತು. ಆಗ ದೂರದ ಜಾಲಿ ಗಿಡದ ಹತ್ತಿರ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕುಣಿಯ ತನಕ ಬಂದರು. ಯಾರೂ ತಡೆಯಲಿಲ್ಲ. ಓದು ಮುಗಿಸಿ, ಮೊದಲ ಹಿಡಿ ಮಣ್ಣನ್ನು ದೊಡ್ಡವ್ವನೇ ಹಾಕಿದಳು.

ಮೂರನೆಯ ದಿನ ಹಳ್ಳ ಇಳಿದು ಪಾಸ್ಟರು ಬಂದರು. ಸಭೆಯ ಪುಸ್ತಕ ತೆಗೆದು, ಮಣ್ಣು ಕೊಟ್ಟವರು ಯಾರೆಂಬಲ್ಲಿ ತಮ್ಮ ಹೆಸರನ್ನೇ ಬರೆದರು.

ವಾಪಸು ಬರುವ ದಾರಿಯಲ್ಲಿ ಕೇಳಿದೆ: "ಓದಿದಾಕಿ ನೀನು. ಅವರ ಹೆಸರು ಯಾಕ ಬರದ್ರು, ದೊಡ್ಡವ್ವಾ?"

ದೊಡ್ಡವ್ವ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ನಮ್ಮಜ್ಜಿ ಹೆಸರೂ ಯಾವ ಪುಸ್ತಕದಾಗೂ ಇಲ್ಲವ್ವಾ. ನಂದಾದ್ರೂ ಬರೀತಾರ ಅನ್ಕೊಂಡಿದ್ನಿ."

ಅವಳು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಹೆಂಗಸರೂ ಪಾಸ್ಟರಾಗುತ್ತಾರೆ. ಹೋದ ವರ್ಷ ದೊಡ್ಡವ್ವನಿಗೆ ಮಣ್ಣು ಕೊಟ್ಟವರೂ ಒಬ್ಬ ಹೆಣ್ಣುಮಗಳೇ. ದೊಡ್ಡವ್ವನ ಬಗ್ಗೆ ತಾವು ನಾಲ್ಕು ಮಾತು ಹೇಳಲೆಂದು ಆ ಪಾಸ್ಟರು ನನ್ನನ್ನು ಕೇಳಿದರು: "ಅಮ್ಮ ಯಾವ್ಯಾವ ಊರಿಗೆ ಹೋಗ್ತಿದ್ರು? ಯಾರ್ಯಾರಿಗೆ ಕಲಿಸಿದ್ರು?"

ಹೊಳೆದಂಡೆಯ ಆ ಒಂದು ಊರು, ಶಾಂತಮ್ಮನ ಒಂದು ಹೆಸರು ಹೇಳಿ ನಿಂತುಬಿಟ್ಟೆ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದೂ ಉಳಿದದ್ದನ್ನು ನಾನು ಕೇಳಿಯೇ ಇರಲಿಲ್ಲ.